ಹಾಸನದ ರೋಗಿ ಕಾಯುವುದು ಎಲ್ಲಿ?

ಮಗ ಲಂಡನ್ನಿನಲ್ಲೋ ಮಗಳು ಟೊರಾಂಟೊದಲ್ಲೋ ನೆಲೆಸಿರುವ ಮನೆಗಳು ಹಾಸನ, ಚಿಕ್ಕಮಗಳೂರು ಸೀಮೆಯಲ್ಲಿ ಈಗ ಕಡಿಮೆಯೇನಿಲ್ಲ. ಅಂಥ ಮನೆಗಳಲ್ಲಿ ಆಸ್ಪತ್ರೆಯ ಮಾತು ಬಂದರೆ ಒಂದು ತೀರ್ಮಾನ ತಪ್ಪದೆ ಕೇಳಿಬರುತ್ತದೆ: "ಅಲ್ಲಿ ಮಂಡಿ ಆಪರೇಷನ್‌ಗೆ ತಿಂಗಳುಗಟ್ಟಲೆ ಕಾಯ್ಬೇಕಂತೆ. ಇಲ್ಲಿ ಬೆಳಗ್ಗೆ ಹೋದ್ರೆ ಸಾಯಂಕಾಲಕ್ಕೆ ಎಂಆರ್‌ಐ ರಿಪೋರ್ಟ್ ಕೈಯಲ್ಲಿರುತ್ತೆ."

ಮಾತು ಸುಳ್ಳಲ್ಲ. ದುಡ್ಡು ಕಟ್ಟುವವರಿಗೆ ಹಾಸನ ಪೇಟೆಯಲ್ಲಿ ಸ್ಕ್ಯಾನಿಂಗ್ ಬೇಗ ಆಗುತ್ತದೆ, ತಜ್ಞ ವೈದ್ಯರೂ ಸಂಜೆಯ ಕ್ಲಿನಿಕ್ಕಿನಲ್ಲಿ ಸಿಗುತ್ತಾರೆ. ಆದರೆ ಈ ಹೋಲಿಕೆಯಲ್ಲಿ ಅಲ್ಲಿಯ ಲೆಕ್ಕವಿದೆ, ಇಲ್ಲಿಯ ಲೆಕ್ಕವಿಲ್ಲ. ಇಂಗ್ಲೆಂಡಿನಲ್ಲಿ ಚಿಕಿತ್ಸೆಗಾಗಿ ಎಷ್ಟು ಮಂದಿ ಎಷ್ಟು ವಾರದಿಂದ ಕಾಯುತ್ತಿದ್ದಾರೆ ಎಂಬ ಅಂಕಿ ಪ್ರತಿ ತಿಂಗಳೂ ಪ್ರಕಟವಾಗುತ್ತದೆ. ಅರಕಲಗೂಡಿನ ಕೂಲಿಯಾಳೊಬ್ಬ ಹರ್ನಿಯಾ ಇದೆಯೆಂದು ಗೊತ್ತಾದ ದಿನದಿಂದ ಆಪರೇಷನ್ ಮೇಜಿನ ಮೇಲೆ ಮಲಗುವ ದಿನದವರೆಗೆ ಎಷ್ಟು ಕಾದ ಎಂಬುದನ್ನು ನಮ್ಮಲ್ಲಿ ಯಾರೂ ಕೂಡಿಸಿ ನೋಡುವುದಿಲ್ಲ. ಕೂಡಿಸಿ ನೋಡದ್ದರಿಂದಲೇ ಇಲ್ಲಿ ಕಾಯುವಿಕೆ ಇಲ್ಲವೆಂಬ ಭಾವನೆ ಹುಟ್ಟಿಕೊಂಡಿದೆ.

ವೈದ್ಯರ ಸಮಯ, ಆಪರೇಷನ್ ಕೊಠಡಿ, ಹಾಸಿಗೆ, ಹಣ ಇವು ಯಾವ ದೇಶದಲ್ಲೂ ಬೇಕಾದಷ್ಟು ಇಲ್ಲ. ಹೇಮಾವತಿ ನಾಲೆಯಲ್ಲಿ ಒಂದು ತೂಬು ಮುಚ್ಚಿದರೆ ನೀರು ಇನ್ನೊಂದು ಕಡೆ ನಿಲ್ಲುವ ಹಾಗೆ, ಕೊರತೆಯೂ ಎಲ್ಲೋ ಒಂದು ಕಡೆ ಸರದಿಯಾಗಿ ನಿಲ್ಲುತ್ತದೆ. ಒಂದು ದೇಶದ ವ್ಯವಸ್ಥೆಗೂ ಇನ್ನೊಂದರದ್ದಕ್ಕೂ ಇರುವ ದೊಡ್ಡ ವ್ಯತ್ಯಾಸ ಸರದಿಯನ್ನು ಯಾವ ಬಾಗಿಲಲ್ಲಿ ನಿಲ್ಲಿಸುತ್ತವೆ ಮತ್ತು ಅದನ್ನು ಎಣಿಸುತ್ತವೆಯೋ ಇಲ್ಲವೋ ಎಂಬುದರಲ್ಲಿದೆ.

ಲೆಕ್ಕ ಇಟ್ಟ ದೇಶಗಳು

ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾದದ್ದು 1948ರ ಜುಲೈ 5ರಂದು. ಅಲ್ಲಿ ಪ್ರತಿಯೊಬ್ಬರೂ ಮನೆಯ ಹತ್ತಿರದ ಕುಟುಂಬ ವೈದ್ಯರಲ್ಲಿ ಹೆಸರು ನೋಂದಾಯಿಸಬೇಕು. ತುರ್ತು ಪರಿಸ್ಥಿತಿಯನ್ನು ಬಿಟ್ಟರೆ, ತಜ್ಞರನ್ನು ನೋಡಲು ಸಾಮಾನ್ಯವಾಗಿ ಆ ವೈದ್ಯರ ಶಿಫಾರಸು ಬೇಕು. ಶಿಫಾರಸು ಆಸ್ಪತ್ರೆಗೆ ತಲುಪಿದ ದಿನ ಗಡಿಯಾರ ಶುರು. ಚಿಕಿತ್ಸೆ ಆರಂಭವಾದ ದಿನ, ಅಥವಾ ಚಿಕಿತ್ಸೆ ಬೇಡವೆಂದು ತೀರ್ಮಾನವಾದ ದಿನ ಅದು ನಿಲ್ಲುತ್ತದೆ. ನೂರಕ್ಕೆ 92 ರೋಗಿಗಳಿಗೆ ಈ ಅವಧಿ 18 ವಾರ ಮೀರಬಾರದು ಎಂಬುದು ನಿಯಮ. 2016ರ ನಂತರ ಆ ಗುರಿ ದೇಶಮಟ್ಟದಲ್ಲಿ ಈಡೇರಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಕಾಯುವ ಪಟ್ಟಿ 77 ಲಕ್ಷ ದಾಟಿತ್ತು. ಇದು ತಲೆಗಳ ಲೆಕ್ಕವಲ್ಲ, ಪ್ರಕರಣಗಳ ಲೆಕ್ಕ. ಒಬ್ಬರೇ ಎರಡು ತೊಂದರೆಗೆ ಎರಡು ಪಟ್ಟಿಯಲ್ಲಿರಬಹುದು.

ಈ ಗಡಿಯಾರಕ್ಕೆ ಒಂದು ದೊಡ್ಡ ದೋಷವಿದೆ. ಶಿಫಾರಸಿಗೆ ಮುಂಚಿನ ಕಾಯುವಿಕೆ ಅದಕ್ಕೆ ಕಾಣುವುದಿಲ್ಲ. ಕುಟುಂಬ ವೈದ್ಯರ ಅಪಾಯಿಂಟ್‌ಮೆಂಟಿಗಾಗಿ ಬೆಳಗ್ಗೆ ಎಂಟು ಗಂಟೆಗೆ ಸಾವಿರಾರು ಮಂದಿ ಒಟ್ಟಿಗೆ ಫೋನ್ ಹಚ್ಚಿ, ಲೈನ್ ಸಿಗದೆ ಮರುದಿನಕ್ಕೆ ಬಿಟ್ಟರೆ, ಆ ದಿನಗಳು 18 ವಾರದ ಲೆಕ್ಕದಿಂದ ಹೊರಗೆ. ನಮ್ಮ ಜಿಲ್ಲೆಯಲ್ಲಿ ಮುಂದೊಂದು ದಿನ ಲೆಕ್ಕ ಇಡುವವರು ಮೊದಲು ಗಮನಿಸಬೇಕಾದದ್ದು ಇದನ್ನೇ.

ಕೆನಡಾದ ಆರೋಗ್ಯ ಕಾಯ್ದೆ 1984ರದ್ದು. ಅಲ್ಲಿ ಅಗತ್ಯ ಚಿಕಿತ್ಸೆಗೆ ರೋಗಿಯಿಂದ ದುಡ್ಡು ಕೇಳುವಂತಿಲ್ಲ. ಫ್ರೇಸರ್ ಸಂಸ್ಥೆ ವೈದ್ಯರನ್ನು ಕೇಳಿ ಮಾಡುವ ವಾರ್ಷಿಕ ಸಮೀಕ್ಷೆಯ ಪ್ರಕಾರ, ಕುಟುಂಬ ವೈದ್ಯರ ಶಿಫಾರಸಿನಿಂದ ಚಿಕಿತ್ಸೆಯವರೆಗಿನ ಮಧ್ಯಮ ಅವಧಿ (ಅರ್ಧ ಜನ ಅದಕ್ಕಿಂತ ಕಡಿಮೆ, ಅರ್ಧ ಜನ ಅದಕ್ಕಿಂತ ಹೆಚ್ಚು ಕಾಯುವ ಅವಧಿ) 1993ರಲ್ಲಿ 9.3 ವಾರ ಇತ್ತು, 2024ರಲ್ಲಿ 30 ವಾರಕ್ಕೆ ಮುಟ್ಟಿತು. ಆ ಸಂಸ್ಥೆ ಮುಕ್ತ ಮಾರುಕಟ್ಟೆಯ ಪರ ನಿಲುವಿನದು, ಸಮೀಕ್ಷೆಗೆ ಉತ್ತರಿಸುವ ವೈದ್ಯರೂ ಕೆಲವರೇ. ಆದರೂ ದಿಕ್ಕಿನ ಬಗ್ಗೆ ಅನುಮಾನವಿಲ್ಲ. ಕಾಯುವ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಚಿಕಿತ್ಸೆ ದೊರೆತಂತಾಗುವುದಿಲ್ಲ ಎಂಬರ್ಥದ ಮಾತು 2005ರಲ್ಲಿ ಕೆಬೆಕ್ ಪ್ರಾಂತ್ಯದ ಪ್ರಕರಣವೊಂದರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿನಲ್ಲೇ ಬಂತು. ಅದೇ ವರ್ಷ ಸರ್ಕಾರಗಳು ಒಪ್ಪಿದ ಮಿತಿಗಳನ್ನು ನೋಡಿದರೆ ಅಲ್ಲಿಯ ಯೋಚನೆ ತಿಳಿಯುತ್ತದೆ: ಸವೆದ ಸೊಂಟದ ಕೀಲು ಬದಲಿಸಲು 26 ವಾರ, ಆದರೆ ಬಿದ್ದು ಸೊಂಟ ಮುರಿದರೆ 48 ಗಂಟೆ. ಕಾಯಬಲ್ಲ ನೋವು, ಕಾಯಲಾರದ ಅಪಾಯ ಎರಡನ್ನೂ ಬೇರೆಮಾಡಿ, ಮೊದಲನೆಯದನ್ನು ಬೇಕೆಂದೇ ಕಾಯಿಸುತ್ತಾರೆ. ಕೆನಡಾದಿಂದ ಕೇಳಿಬರುವ ಮಂಡಿ, ಸೊಂಟದ ಕಥೆಗಳಲ್ಲಿ ಹೆಚ್ಚಿನವು ಈ ಮೊದಲನೆಯ ಸಾಲಿನವು.

ಡೆನ್ಮಾರ್ಕ್ ಇನ್ನೊಂದು ಹಾದಿ ಹಿಡಿಯಿತು. ಸರ್ಕಾರಿ ಆಸ್ಪತ್ರೆ ನಿಗದಿತ ಅವಧಿಯಲ್ಲಿ ಚಿಕಿತ್ಸೆ ಕೊಡಲಾಗದಿದ್ದರೆ ರೋಗಿ ಒಪ್ಪಂದದ ಖಾಸಗಿ ಆಸ್ಪತ್ರೆಗೆ ಹೋಗಬಹುದು, ಬಿಲ್ಲು ಸರ್ಕಾರದ್ದು. 2002ರಲ್ಲಿ ಈ ಅವಧಿ ಎರಡು ತಿಂಗಳಿತ್ತು, 2007ರಲ್ಲಿ ಒಂದು ತಿಂಗಳಾಯಿತು. ತಡವಾದರೆ ದಂಡ ತೆರುವುದು ರೋಗಿಯಲ್ಲ, ತಡಮಾಡಿದ ವ್ಯವಸ್ಥೆ. ಸ್ವೀಡನ್ನಿನಲ್ಲೂ ಕಾನೂನಿನ ಭರವಸೆಯಿದೆ: ಪ್ರಾಥಮಿಕ ಕೇಂದ್ರದ ಸಂಪರ್ಕ ಅದೇ ದಿನ, ಮೊದಲ ಪರೀಕ್ಷೆ 3 ದಿನದಲ್ಲಿ, ತಜ್ಞರ ಭೇಟಿ 90 ದಿನದಲ್ಲಿ, ಚಿಕಿತ್ಸೆ ಮತ್ತೆ 90 ದಿನದಲ್ಲಿ. ತಪ್ಪಿದರೆ ಹಣ ಯಾರು ಕೊಡಬೇಕೆಂಬುದು ಡೆನ್ಮಾರ್ಕಿನಷ್ಟು ಬಿಗಿಯಾಗಿಲ್ಲದ್ದರಿಂದ ಪಾಲನೆ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬೇರೆ. ಜರ್ಮನಿಯಲ್ಲಿ 116117 ಸಂಖ್ಯೆಗೆ ಕರೆ ಮಾಡಿದರೆ ತಜ್ಞರ ಅಪಾಯಿಂಟ್‌ಮೆಂಟ್ ಹುಡುಕಿಕೊಡುತ್ತಾರೆ. ಆದರೂ ಖಾಸಗಿ ವಿಮೆಯವರು ಸಾರ್ವಜನಿಕ ವಿಮೆಯವರಿಗಿಂತ ಬೇಗ ಒಳಗೆ ಹೋಗುತ್ತಾರೆಂಬ ದೂರು ನಿಂತಿಲ್ಲ.

ಅಮೆರಿಕದಲ್ಲಿ ದುಡ್ಡಿದ್ದವರಿಗೆ ಸರದಿ ಇಲ್ಲವೆಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಅಲ್ಲಿನ 15 ದೊಡ್ಡ ನಗರಗಳಲ್ಲಿ ಹೊಸ ರೋಗಿಯೊಬ್ಬರಿಗೆ ವೈದ್ಯರ ಭೇಟಿ ಸಿಗಲು 2022ರಲ್ಲಿ ಸರಾಸರಿ 26 ದಿನ, 2025ರಲ್ಲಿ 31 ದಿನ ಬೇಕಾಗಿತ್ತೆಂದು ಒಂದು ಸಮೀಕ್ಷೆ ಕಂಡುಕೊಂಡಿತು. ಅದರ ಮೇಲೆ ವಿಮಾ ಕಂಪನಿಯ ಮುಂಗಡ ಒಪ್ಪಿಗೆ ಬೇರೆ.

ನಮಗೆ ಮೇಲ್ನೋಟಕ್ಕೆ ಹತ್ತಿರದ ವ್ಯವಸ್ಥೆ ಜಪಾನಿನದು. 1961ರಿಂದ ಎಲ್ಲರಿಗೂ ವಿಮೆ, ಶಿಫಾರಸಿನ ಹಂಗಿಲ್ಲ, ಯಾರು ಯಾವ ಆಸ್ಪತ್ರೆಗಾದರೂ ನೇರ ಹೋಗಬಹುದು. ಫಲವಾಗಿ ಮೂರು ಗಂಟೆ ಕಾದು ಮೂರು ನಿಮಿಷ ಪರೀಕ್ಷೆ ಎಂಬ ಗಾದೆಯೇ ಅಲ್ಲಿ ಹುಟ್ಟಿದೆ. ನೆಗಡಿಯವರೂ ದೊಡ್ಡಾಸ್ಪತ್ರೆಗೆ ನುಗ್ಗುವುದನ್ನು ತಡೆಯಲು, ಶಿಫಾರಸು ಪತ್ರವಿಲ್ಲದೆ ಬರುವವರ ಮೇಲಿನ ಹೆಚ್ಚುವರಿ ಶುಲ್ಕವನ್ನು 2022ರ ಅಕ್ಟೋಬರ್‌ನಿಂದ 7,000 ಯೆನ್‌ಗೆ ಏರಿಸಿದರು. ನಮ್ಮಲ್ಲೂ ಯಾರು ಬೇಕಾದರೂ ನೇರ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ಆದರೆ ಜಪಾನಿನವರಿಗೆ ಬೆನ್ನಿಗೆ ವಿಮೆ ಇದೆ, ಊರಲ್ಲೇ ಕ್ಲಿನಿಕ್ ಇದೆ. ಅವೆರಡೂ ಇಲ್ಲದ ಕಡೆ ಮುಕ್ತ ಬಾಗಿಲು ಬೆಂಚಿನ ಮೇಲಿನ ನೂಕುನುಗ್ಗಲಾಗುತ್ತದೆ.

ಬೆಂಚಿನ ಮೇಲೆ

ಬಯಲುಸೀಮೆಯಲ್ಲಿ 30,000 ಜನಕ್ಕೆ, ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ರಾಷ್ಟ್ರೀಯ ಮಾನದಂಡ. ಅಂದರೆ ಅರಸೀಕೆರೆ, ಕಡೂರಿಗೆ ಮೊದಲನೆಯದು, ಸಕಲೇಶಪುರ, ಮೂಡಿಗೆರೆಯ ಗುಡ್ಡದ ಹಳ್ಳಿಗಳಿಗೆ ಎರಡನೆಯದು. ಲೆಕ್ಕ ಹಾಕಿ ನೋಡೋಣ. 30,000 ಜನರಲ್ಲಿ ಪ್ರತಿಯೊಬ್ಬರೂ ವರ್ಷಕ್ಕೆ ಎರಡೇ ಸಲ ಆಸ್ಪತ್ರೆಗೆ ಬಂದರೂ 60,000 ಭೇಟಿ. 300 ಕೆಲಸದ ದಿನಗಳಿಗೆ ಹಂಚಿದರೆ ದಿನಕ್ಕೆ 200. ಒಬ್ಬರಿಗೆ 5 ನಿಮಿಷವೆಂದರೆ 1,000 ನಿಮಿಷ, ಹದಿನಾರು ಗಂಟೆಗೂ ಮೇಲೆ. ಒಬ್ಬ ವೈದ್ಯರಿಂದ ಆಗುವ ಕೆಲಸವಲ್ಲ ಇದು. ಆದ್ದರಿಂದ ಒಂದಷ್ಟು ಜನ ಮೆಡಿಕಲ್ ಸ್ಟೋರಿನಲ್ಲೇ ಮಾತ್ರೆ ತೆಗೆದುಕೊಳ್ಳುತ್ತಾರೆ, ಒಂದಷ್ಟು ಜನ ಪದವಿಯಿಲ್ಲದವರ ಹತ್ತಿರ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಾರೆ, ಉಳಿದವರು ಬಸ್ಸು ಹತ್ತಿ ಹಾಸನಕ್ಕೆ ಬರುತ್ತಾರೆ.

ಹೊರರೋಗಿ ವಿಭಾಗದಲ್ಲಿ ಒಬ್ಬ ವೈದ್ಯರು ಬೆಳಗ್ಗೆ 9ರಿಂದ 1ರವರೆಗೆ ಕೂತರೆ 240 ನಿಮಿಷ. ಎದುರಿಗೆ 120 ಜನರಿದ್ದರೆ ಒಬ್ಬರಿಗೆ ಎರಡು ನಿಮಿಷ. 67 ದೇಶಗಳ ಮಾಹಿತಿ ಕಲೆಹಾಕಿ 2017ರಲ್ಲಿ ಬಂದ ಅಧ್ಯಯನವೊಂದು ಭಾರತದ ಸರಾಸರಿಯೂ ಸುಮಾರು ಎರಡು ನಿಮಿಷವೆಂದೇ ಹೇಳಿತು. ಸ್ವೀಡನ್ನಿನದು 22 ನಿಮಿಷಕ್ಕೂ ಹೆಚ್ಚು. ಎರಡು ನಿಮಿಷದಲ್ಲಿ ರೋಗಿಯ ಮಾತು ಕೇಳಿ, ಹೊಟ್ಟೆ ಮುಟ್ಟಿ ನೋಡಿ, ಹಳೇ ಚೀಟಿ ಓದಲು ಆಗುವುದಿಲ್ಲ. ಪರೀಕ್ಷೆ ಬರೆದುಕೊಟ್ಟು ಕಳಿಸುವುದು ಸುಲಭ. ಆ ರಿಪೋರ್ಟ್ ಹಿಡಿದು ಅದೇ ರೋಗಿ ನಾಳೆ ಮತ್ತೆ ಸಾಲಿನಲ್ಲಿ ನಿಲ್ಲುತ್ತಾನೆ. ಅವಸರವೇ ಹೀಗೆ ನಾಳೆಯ ಸರದಿಯನ್ನು ಬೆಳೆಸುತ್ತದೆ.

ಸರದಿಯ ಗಣಿತದಲ್ಲಿ ಆಡಳಿತಗಾರರು ಗಮನಿಸದ ಒಂದು ಸಂಗತಿಯಿದೆ. ಒಬ್ಬರಿಗೆ ಸರಾಸರಿ 5 ನಿಮಿಷ ತೆಗೆದುಕೊಳ್ಳುವ ವೈದ್ಯರು ಗಂಟೆಗೆ 12 ಜನರನ್ನು ನೋಡಬಲ್ಲರು. ರೋಗಿಗಳು ಹೊತ್ತುಗೊತ್ತಿಲ್ಲದೆ ಬರುತ್ತಾರೆ, ಕೆಲವರಿಗೆ ಎರಡು ನಿಮಿಷ ಸಾಕು, ಕೆಲವರಿಗೆ ಹದಿನೈದು ಬೇಕು. ಇಂಥ ಸಾಲಿನ ಸರಳ ಸೂತ್ರದ ಪ್ರಕಾರ, ವೈದ್ಯರ ಸಮಯದ ಶೇ. 80 ಭರ್ತಿಯಾಗಿದ್ದರೆ ಕಾಯುವ ಸರಾಸರಿ 20 ನಿಮಿಷ. ಶೇ. 90 ಆದರೆ 45 ನಿಮಿಷ. ಶೇ. 95 ಆದರೆ 95 ನಿಮಿಷ. ಗಂಟೆಗೆ ಎರಡು ರೋಗಿಗಳೂ ಹೆಚ್ಚಾಗಿಲ್ಲ, ಕಾಯುವ ಹೊತ್ತು ಮಾತ್ರ ಐದು ಪಟ್ಟಿನ ಹತ್ತಿರಕ್ಕೆ ಹೋಗಿದೆ. ವೈದ್ಯರನ್ನು ಪೂರ್ತಿ ದುಡಿಸಿಕೊಂಡರೆ ಸರದಿ ಕರಗುತ್ತದೆಂಬ ಲೆಕ್ಕಾಚಾರ ಇಲ್ಲಿ ತಲೆಕೆಳಗಾಗುತ್ತದೆ. ಉಲ್ಟಾ ತಿರುಗಿಸಿದರೆ ಒಳ್ಳೆಯ ಸುದ್ದಿಯೂ ಇದರಲ್ಲೇ ಇದೆ: ಗಂಟೆಗೆ ಇಬ್ಬರು ರೋಗಿಗಳನ್ನು ಬೇರೆ ಬಾಗಿಲಿಗೆ ಕಳಿಸಿದರೂ ಸಾಲು ಕಣ್ಣಿಗೆ ಕಾಣುವಷ್ಟು ಕರಗುತ್ತದೆ.

ಯಾರನ್ನು ಕಳಿಸಬಹುದು? ಶುಗರ್, ಬಿಪಿ ಹತೋಟಿಯಲ್ಲಿದ್ದು, ಬರೀ ಮಾತ್ರೆಗೆಂದು ತಿಂಗಳು ತಿಂಗಳು ಬರುವವರನ್ನು. ಒಂದು ಕೇಂದ್ರದಲ್ಲಿ ಇಂಥ 400 ಜನರಿದ್ದರೆ, 25 ಕೆಲಸದ ದಿನಕ್ಕೆ ದಿನಕ್ಕೆ 16 ಭೇಟಿ. ಅವರಿಗೆ ಎರಡು ತಿಂಗಳ ಮಾತ್ರೆ ಒಟ್ಟಿಗೆ ಕೊಟ್ಟರೆ 8. ದಿನಕ್ಕೆ ವೈದ್ಯರ 40 ನಿಮಿಷ ಉಳಿಯಿತು, ಒಂದು ರೂಪಾಯಿಯ ಹೊಸ ಕಟ್ಟಡವಿಲ್ಲದೆ. ಇದಕ್ಕೆ ಔಷಧ ದಾಸ್ತಾನು ಸರಿಯಾಗಿ ಬರಬೇಕು. ಹದಿನೈದು ದಿನಕ್ಕೆ ಸಾಲುವಷ್ಟೇ ಸರಬರಾಜಾದರೆ ಔಷಧ ವಿತರಕರು ಹದಿನೈದು ದಿನಕ್ಕೇ ಎಣಿಸಿ ಕೊಡುತ್ತಾರೆ, ಅದು ಅವರ ತಪ್ಪಲ್ಲ. 2024ರಲ್ಲಿ ಕೋಲಾರದಲ್ಲಿ ಶುರುವಾಗಿ 2025ರಲ್ಲಿ ರಾಜ್ಯದ ಬೇರೆ ಜಿಲ್ಲೆಗಳಿಗೂ ಬಂದ ಗೃಹ ಆರೋಗ್ಯ ಯೋಜನೆ ಮನೆಯಲ್ಲೇ ಬಿಪಿ, ಶುಗರ್ ತಪಾಸಣೆ ಮಾಡುವ ಉದ್ದೇಶದ್ದು. ತಪಾಸಣೆಯಿಂದ ಹೊಸ ರೋಗಿಗಳು ಸಿಗುತ್ತಾರೆ, ಸಿಗಲೇಬೇಕು. ಅವರ ಮಾತ್ರೆಯೂ ಊರಿನ ಉಪಕೇಂದ್ರದಲ್ಲೇ ಸಿಗದಿದ್ದರೆ ಯೋಜನೆಯೇ ಸಾಲನ್ನು ಉದ್ದ ಮಾಡುತ್ತದೆ.

ಸಾಲಿನ ಇನ್ನೊಂದು ಕಾರಣ ಬಸ್ಸು. ತಾಲ್ಲೂಕುಗಳಿಂದ ಬೆಳಗಿನ ಬಸ್ಸುಗಳು ಒಂದೇ ಹೊತ್ತಿಗೆ ಬರುತ್ತವೆ, ಚೀಟಿ ಮಾಡಿಸುವ ಕೌಂಟರಿನ ಮುಂದೆ ಹತ್ತು ಗಂಟೆಗೆ ಜಾತ್ರೆ, ಮೂರು ಗಂಟೆಗೆ ಖಾಲಿ. ಭಾನುವಾರದ ಬಾಕಿಯೆಲ್ಲ ಸೋಮವಾರಕ್ಕೆ. ಮೊಬೈಲಿನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಆಭಾ ಎಂಬ 14 ಅಂಕಿಯ ಆರೋಗ್ಯ ಗುರುತಿನ ಸಂಖ್ಯೆಯ ಮೂಲಕ ಟೋಕನ್ ಪಡೆಯುವ ಸೌಲಭ್ಯ ಅನೇಕ ಸರ್ಕಾರಿ ಆಸ್ಪತ್ರೆಗಳಲ್ಲಿದೆ. ಅದು ಉಳಿಸುವುದು ಕೌಂಟರಿನ ಹೊತ್ತನ್ನು. ವೈದ್ಯರ ಬಾಗಿಲ ಮುಂದಿನ ಹೊತ್ತನ್ನಲ್ಲ. ಒಂದೇ ದಿನದಲ್ಲಿ ಕೆಲಸ ಮುಗಿಯದಿರುವುದಕ್ಕೆ ಹೆಚ್ಚಾಗಿ ಲ್ಯಾಬ್ ಕಾರಣ. ಹನ್ನೊಂದೂವರೆಗೆ ವೈದ್ಯರು ರಕ್ತಪರೀಕ್ಷೆ ಬರೆದರೆ, ಸ್ಯಾಂಪಲ್ ಕೊಡುವ ಹೊತ್ತು ಮುಗಿದಿರಬಹುದು, ಅಥವಾ ರಿಪೋರ್ಟ್ ಬರುವಷ್ಟರಲ್ಲಿ ವೈದ್ಯರು ವಾರ್ಡಿಗೋ ಆಪರೇಷನ್‌ಗೋ ಹೋಗಿರಬಹುದು.

ದೂರದಿಂದ ಬರುವವರು ತಾವೇ ಮಾಡಿಕೊಳ್ಳಬಹುದಾದ ಕೆಲವು ಸಂಗತಿಗಳಿವೆ. ಖಾಲಿ ಹೊಟ್ಟೆಯ ಶುಗರ್ ಪರೀಕ್ಷೆಗೆ ಎಂಟು ಗಂಟೆ ಏನೂ ತಿನ್ನದೆ ಇರಬೇಕು, ನೀರು ಕುಡಿಯಬಹುದು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಗೆ ಉಪವಾಸ ಬೇಡ. ಹೊಟ್ಟೆಯ ಅಲ್ಟ್ರಾಸೌಂಡ್‌ಗೆ ಸಾಮಾನ್ಯವಾಗಿ ಆರು ಗಂಟೆ ಖಾಲಿ ಹೊಟ್ಟೆ, ಕಿಬ್ಬೊಟ್ಟೆಯ ಸ್ಕ್ಯಾನ್‌ಗೆ ಮೂತ್ರ ಕಟ್ಟಿಕೊಂಡಿರಬೇಕು. ದಾರಿಯಲ್ಲಿ ಇಡ್ಲಿ ತಿಂದು ಬಂದವರನ್ನು ಸ್ಕ್ಯಾನಿಂಗ್ ಕೋಣೆಯಿಂದ ನಾಳೆ ಬನ್ನಿ ಎಂದು ಕಳಿಸಿದರೆ ಎರಡು ದಿನದ ಕೂಲಿ ಹೋಯಿತು. ಹಳೇ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಈಗ ನುಂಗುತ್ತಿರುವ ಮಾತ್ರೆಗಳ ಹಾಳೆಗಳನ್ನೇ ಕೈಯಲ್ಲಿ ಹಿಡಿದು ಹೋದರೆ ಆ ಎರಡು ನಿಮಿಷದಲ್ಲಿ ಒಂದು ನಿಮಿಷ ಉಳಿಯುತ್ತದೆ.

ಒಬ್ಬ ಅರಿವಳಿಕೆ ತಜ್ಞ ಮತ್ತು ವಾರದ 168 ಗಂಟೆ

ತಾಲ್ಲೂಕು ಆಸ್ಪತ್ರೆಯಲ್ಲಿ ಸಿಸೇರಿಯನ್ ಆಗಬೇಕಾದರೆ ಹೆರಿಗೆ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ತಜ್ಞರು ಮೂವರೂ ಬೇಕು. ರಕ್ತವೂ ಸಿಗಬೇಕು. ಒಂದು ಕೊಂಡಿ ಕಳಚಿದರೂ ಆಂಬುಲೆನ್ಸ್ ಹಾಸನದ ಕಡೆ ತಿರುಗುತ್ತದೆ. ಸಾಮಾನ್ಯವಾಗಿ ಕಳಚುವುದು ಅರಿವಳಿಕೆಯ ಕೊಂಡಿ.

ಹುದ್ದೆ ಭರ್ತಿಯಾಗಿದೆ ಎಂಬ ಉತ್ತರ ಇಲ್ಲಿ ಸಾಲದು. ವಾರಕ್ಕೆ 168 ಗಂಟೆ. ಒಬ್ಬ ವೈದ್ಯರು ವಾರಕ್ಕೆ 48 ಗಂಟೆ ದುಡಿದರೆ, ಹಗಲೂ ರಾತ್ರಿ ಒಬ್ಬರಾದರೂ ಇರಬೇಕಾದರೆ ಮೂರೂವರೆ ಜನ ಬೇಕು. ರಜೆ, ತರಬೇತಿ, ಕೋರ್ಟು ಸಾಕ್ಷಿ ಸೇರಿಸಿದರೆ ನಾಲ್ಕೈದು. ಒಂದು ಹುದ್ದೆ ಮಂಜೂರು ಮಾಡಿ, ಅದು ಭರ್ತಿಯಾದರೂ ವಾರದ ಏಳು ಪಾಲಿನಲ್ಲಿ ಎರಡು ಪಾಲು ಮಾತ್ರ ಆ ಸೇವೆ ಇರುತ್ತದೆ. ನಡುರಾತ್ರಿ ಬೇಲೂರಿನಿಂದಲೋ ಆಲೂರಿನಿಂದಲೋ ಬಸುರಿಯನ್ನು ಹಾಸನಕ್ಕೆ ಕಳಿಸಿದ್ದಕ್ಕೆ ಅಲ್ಲಿದ್ದ ವೈದ್ಯರ ಮೇಲೆ ಕೂಗಾಡುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. ದೇಶಮಟ್ಟದಲ್ಲಂತೂ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಬೇಕಾದ ತಜ್ಞರಲ್ಲಿ ಶೇ. 80ರ ಆಸುಪಾಸಿನಷ್ಟು ಕೊರತೆಯಿದೆ ಎಂದು 2021–22ರ ಕೇಂದ್ರ ಸರ್ಕಾರದ ಅಂಕಿಅಂಶವೇ ಹೇಳಿದೆ.

ವೈದ್ಯಕೀಯ ಕಾಲೇಜುಗಳು ಬಂದಿವೆ. ಹಾಸನದ ಹಿಮ್ಸ್ 2006ರಲ್ಲಿ ಶುರುವಾಯಿತು, ಚಿಕ್ಕಮಗಳೂರಿಗೂ ಈಚೆಗೆ ಸರ್ಕಾರಿ ಕಾಲೇಜು ಬಂತು. ಇದರಿಂದ ಜಿಲ್ಲಾ ಕೇಂದ್ರದಲ್ಲಿ ತಜ್ಞರು ಹೆಚ್ಚಿದ್ದಾರೆ, ಅದು ದೊಡ್ಡ ಲಾಭ. ಆದರೆ ಕಾಲೇಜು ಬಂದ ಊರಿಗೆ ತಾಲ್ಲೂಕುಗಳ ರೋಗಿಗಳೂ ಹರಿದುಬರುತ್ತಾರೆ. ಕಳಸದವರಿಗೆ, ಯಸಳೂರಿನವರಿಗೆ ವೈದ್ಯರು ಹತ್ತಿರವಾಗಲಿಲ್ಲ. ಓದು ಮುಗಿಸಿದವರು ಒಂದು ವರ್ಷ ಕಡ್ಡಾಯವಾಗಿ ಸೇವೆ ಸಲ್ಲಿಸಬೇಕೆಂಬ ಕಾನೂನು ಕರ್ನಾಟಕದಲ್ಲಿ 2012ರಲ್ಲೇ ಆಗಿದೆ. ಥಾಯ್ಲೆಂಡ್ 1970ರ ದಶಕದಿಂದ ಮೂರು ವರ್ಷದ ಕರಾರು ಇಟ್ಟುಕೊಂಡು, ಜೊತೆಗೆ ಜಿಲ್ಲಾಮಟ್ಟದ ಸಣ್ಣ ಆಸ್ಪತ್ರೆಗಳನ್ನು ಕಟ್ಟುತ್ತ ಬಂದು, 2001–02ರಲ್ಲಿ ಭೇಟಿಗೆ 30 ಬಾತ್ ಮಾತ್ರ ತೆತ್ತು ಚಿಕಿತ್ಸೆ ಪಡೆಯುವ 30 ಬಾತ್ ಯೋಜನೆ ತಂದಿತು. ಒಂದು ವರ್ಷದ ವೈದ್ಯರಿಗೆ ಊರು ಪರಿಚಯವಾಗುವಷ್ಟರಲ್ಲಿ ಪಿಜಿ ಪ್ರವೇಶ ಪರೀಕ್ಷೆ ಬಂದಿರುತ್ತದೆ. ಅವಧಿಯೂ ವಸತಿಯೂ ಸಂಬಳವೂ ಒಟ್ಟಿಗೆ ಬದಲಾಗದೆ ಕಾನೂನೊಂದರಿಂದಲೇ ಮಲೆನಾಡಿನಲ್ಲಿ ವೈದ್ಯರು ನಿಲ್ಲುವುದಿಲ್ಲ.

ದಾರಿಯಲ್ಲಿ, ಜೇಬಿನಲ್ಲಿ, ಕಾಗದದಲ್ಲಿ

ಸಕಲೇಶಪುರದಿಂದ ಹಾಸನಕ್ಕೆ 40 ಕಿಲೋಮೀಟರ್. ಹಾಸನದಿಂದ ಮೈಸೂರಿಗೆ 120, ಬೆಂಗಳೂರಿಗೆ 185ರ ಆಸುಪಾಸು. ಕ್ಯಾನ್ಸರ್ ಅಂದರೆ ಕಿದ್ವಾಯಿ, ಮಿದುಳಿನದ್ದು ಅಂದರೆ ನಿಮ್ಹಾನ್ಸ್, ಎರಡೂ ಬೆಂಗಳೂರು. ಒಂದು ಅಪಾಯಿಂಟ್‌ಮೆಂಟ್ ತಪ್ಪಿದರೆ ಹೋಗಿ ಬರುವ ಖರ್ಚು, ಜೊತೆಗೆ ಬಂದವರ ಕೂಲಿ, ಲಾಡ್ಜು. ಎರಡನೇ ಸಲಕ್ಕೆ ದುಡ್ಡು ಹೊಂದಿಸುವ ದಿನಗಳೂ ಕಾಯುವಿಕೆಯೇ.

ಅರಸೀಕೆರೆ ಕಡೆ ಮಂಡಿಯದ್ದೋ ಹರ್ನಿಯಾದ್ದೋ ಆಪರೇಷನ್ ಹೇಳಿದಾಗ ಬರುವ ಉತ್ತರ, "ಕೊಬ್ಬರಿ ಮಾರಿದ ಮೇಲೆ ಮಾಡ್ಸಣ." ಕಾಫಿ ಸೀಮೆಯಲ್ಲಿ ಕುಯ್ಲು ಮುಗಿಯಲಿ ಅನ್ನುತ್ತಾರೆ, ಶುಂಠಿ ಬೆಳೆದವರು ರೇಟು ಬರಲಿ ಅನ್ನುತ್ತಾರೆ. ಇದು ಇಂಗ್ಲೆಂಡಿನ 18 ವಾರಕ್ಕಿಂತ ಉದ್ದವಾಗಬಹುದು. ಒಂದೇ ವ್ಯತ್ಯಾಸ, ಇಲ್ಲಿ ಪಟ್ಟಿ ಆಸ್ಪತ್ರೆಯ ಕಂಪ್ಯೂಟರಿನಲ್ಲಿಲ್ಲ, ಮನೆಯೊಳಗೆ ಇದೆ. ಹರ್ನಿಯಾ ಸಿಕ್ಕಿಕೊಂಡು ಕರುಳಿಗೆ ರಕ್ತ ನಿಂತರೆ, ಮೊದಲೇ ನಿಗದಿ ಮಾಡಿ ಮುಗಿಸಬಹುದಾಗಿದ್ದ ಸಣ್ಣ ಆಪರೇಷನ್ ಕರುಳು ಕತ್ತರಿಸುವ ತುರ್ತು ಆಪರೇಷನ್ ಆಗುತ್ತದೆ. 2021–22ರ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ. 39.4ರಷ್ಟನ್ನು ಜನ ತಮ್ಮ ಜೇಬಿನಿಂದಲೇ ಕೊಡುತ್ತಾರೆ. ಅಷ್ಟೊಂದು ಭಾಗ ಜೇಬಿನದಾದರೆ ಸರದಿಯ ದೊಡ್ಡ ಪಾಲೂ ಜೇಬಿನಲ್ಲೇ ನಿಲ್ಲುತ್ತದೆ.

ಈ ದುಡ್ಡಿನ ಗೋಡೆ ಒಡೆಯಲೆಂದೇ 2018ರಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಬಂತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆಯ ವೆಚ್ಚ ಸರ್ಕಾರದ್ದು. ಎಪಿಎಲ್ ಕುಟುಂಬಕ್ಕೆ ಚಿಕಿತ್ಸೆಗೆ ನಿಗದಿಯಾದ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಬಹಳ ಜನ ಎಡವುವುದು ಕ್ರಮದಲ್ಲಿ. ತುರ್ತೆಂದು ಪಟ್ಟಿಮಾಡಿದ ಚಿಕಿತ್ಸೆಗಳಿಗೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ನೇರ ಹೋಗಬಹುದು. ಉಳಿದವಕ್ಕೆ ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆಗುವುದಿಲ್ಲವೆಂದಾದರೆ ಅವರು ರೆಫರಲ್ ಬರೆದುಕೊಡಬೇಕು. ಆ ಪತ್ರವಿಲ್ಲದೆ ಬೆಂಗಳೂರಿಗೆ ಹೋದವರು ಪತ್ರಕ್ಕಾಗಿ ಹಾಸನಕ್ಕೆ ವಾಪಸು ಬರಬೇಕಾಗುತ್ತದೆ. ರೇಷನ್ ಕಾರ್ಡಿನಲ್ಲಿ ಮಗುವಿನ ಹೆಸರು ಸೇರಿಸದಿರುವುದು, ಆಧಾರ್‌ನಲ್ಲೊಂದು ರೇಷನ್ ಕಾರ್ಡಿನಲ್ಲೊಂದು ಹೆಸರಿರುವುದು ಇನ್ನೆರಡು ತೊಡಕು. ಇವನ್ನು ಕಾಯಿಲೆ ಬರುವ ಮೊದಲೇ ಸರಿಮಾಡಿಸಿಕೊಳ್ಳಬೇಕು. ಹಾಲಿನ ಡೇರಿಯ, ಸೊಸೈಟಿಯ ಸದಸ್ಯರಿಗೆ ಯಶಸ್ವಿನಿಯೂ ಇದೆ: 2003ರಲ್ಲಿ ಶುರುವಾಗಿ, 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಸೇರಿಹೋಗಿ, 2022ರಲ್ಲಿ ಮತ್ತೆ ಜಾರಿಗೆ ಬಂತು. ನೋಂದಣಿಗೆ ಕೊನೇ ದಿನಾಂಕವಿರುತ್ತದೆ. ಅದು ದಾಟಿದ ಮೇಲೆ ಕಲ್ಲು ಕಾಣಿಸಿಕೊಂಡ ಪಿತ್ತಕೋಶ ಮುಂದಿನ ವರ್ಷದವರೆಗೆ ಕಾಯಬೇಕು.

ಎದೆನೋವಿನ ವರ್ಷ

2025ರ ಮೇ, ಜೂನ್‌ನಲ್ಲಿ ಹಾಸನದ ಹೃದಯಾಘಾತದ ಸಾವುಗಳು ರಾಜ್ಯದ ಸುದ್ದಿಯಾದವು. ತಜ್ಞರ ಸಮಿತಿ 24 ಸಾವುಗಳನ್ನು ಪರಿಶೀಲಿಸಿ, 20 ಹೃದಯ ಸಂಬಂಧಿ ಇರಬಹುದು, 4 ಬೇರೆ ಕಾರಣದವು, ಹಿಂದಿನದಕ್ಕೆ ಹೋಲಿಸಿದರೆ ಅಸಹಜ ಏರಿಕೆ ಕಾಣುವುದಿಲ್ಲ ಎಂದಿತು. ಅಷ್ಟರಲ್ಲಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ನಸುಕಿನಿಂದಲೇ ಸಾಲು. ಭಯಪಟ್ಟವರನ್ನು ದೂರುವಂತಿಲ್ಲ, ಪಕ್ಕದ ಮನೆಯವರು ಹೋದಾಗ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಆದರೆ ಯಾವ ಲಕ್ಷಣವೂ ಇಲ್ಲದವರು ಅಲ್ಲಿ ನಿಂತಷ್ಟೂ ನಿಜವಾದ ರೋಗಿ ಹಿಂದೆ ಸರಿಯುತ್ತಾನೆ. ಲಕ್ಷಣವಿಲ್ಲದವರಿಗೆ ಬೇಕಾದ ಬಿಪಿ, ಶುಗರ್, ಕೊಲೆಸ್ಟ್ರಾಲ್ ಪರೀಕ್ಷೆಗೆ 120 ಕಿಲೋಮೀಟರ್ ಹೋಗಬೇಕಿಲ್ಲ.

ಲಕ್ಷಣವಿದ್ದವರ ಗಡಿಯಾರ ಬೇರೆ. ಎದೆಯ ನಡುವೆ ಒತ್ತಿದಂಥ ನೋವು ಹದಿನೈದು ಇಪ್ಪತ್ತು ನಿಮಿಷ ಬಿಡದೆ, ಬೆವರು, ದವಡೆಗೋ ತೋಳಿಗೋ ಹರಡುವ ನೋವು, ಉಸಿರುಕಟ್ಟುವಿಕೆ ಇದ್ದರೆ ಹತ್ತಿರದ ಇಸಿಜಿ ಇರುವ ಆಸ್ಪತ್ರೆಗೆ ಹೋಗಬೇಕು. ಗ್ಯಾಸ್ಟ್ರಿಕ್ ಅಂದುಕೊಂಡು ಕಳೆದ ಮೊದಲ ಎರಡು ಗಂಟೆಯನ್ನು ಆಮೇಲೆ ಯಾರೂ ತಂದುಕೊಡಲಾರರು. ಆಸ್ಪತ್ರೆ ಮುಟ್ಟಿದ ಹತ್ತು ನಿಮಿಷದಲ್ಲಿ ಇಸಿಜಿ ಆಗಬೇಕು. ರಕ್ತನಾಳ ಪೂರ್ತಿ ಕಟ್ಟಿಕೊಂಡ ಹೃದಯಾಘಾತವೆಂದು ಗೊತ್ತಾದ ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಆಗುವಂತಿಲ್ಲವೆಂದರೆ, ಹೆಪ್ಪು ಕರಗಿಸುವ ಔಷಧವನ್ನು ಅಲ್ಲೇ ಮೊದಲು ಕೊಡಬೇಕು. ಟೆನೆಕ್ಟೆಪ್ಲೇಸ್ ಎಂಬ ಈ ಇಂಜೆಕ್ಷನ್ ದೇಹದ ತೂಕ ನೋಡಿ 30ರಿಂದ 50 ಮಿಲಿಗ್ರಾಂ, ಒಂದೇ ಸಲಕ್ಕೆ ರಕ್ತನಾಳಕ್ಕೆ ಕೊಡುವಂಥದ್ದು. ವಯಸ್ಸಾದವರಿಗೆ ಪ್ರಮಾಣ ಇನ್ನೂ ಕಡಿಮೆ, ಹಿಂದೆ ಮಿದುಳಿನಲ್ಲಿ ರಕ್ತಸ್ರಾವವಾದವರಿಗೆ ಕೊಡುವಂತಿಲ್ಲ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಇದು ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತ, ಇಸಿಜಿಯನ್ನು ದೂರದ ತಜ್ಞರು ಓದಿ ಹೇಳುತ್ತಾರೆ. ಸಕಲೇಶಪುರದವರು ತಾಲ್ಲೂಕು ಆಸ್ಪತ್ರೆಯ ಮುಂದೆಯೇ ಕಾರು ಓಡಿಸಿಕೊಂಡು ನೇರ ಬೆಂಗಳೂರಿಗೆ ಹೊರಟರೆ, ಸಿಗಬೇಕಾದ ಔಷಧವನ್ನು ಹಿಂದೆ ಬಿಟ್ಟು ಹೋದಂತೆ.

ಪಾರ್ಶ್ವವಾಯುವಿಗೆ ಈ ಸಲಹೆ ಹೊಂದುವುದಿಲ್ಲ. ಬಾಯಿ ಸೊಟ್ಟಗಾಗಿ, ಒಂದು ಕೈ ಸೋತು, ಮಾತು ತೊದಲಿದರೆ ಸಿಟಿ ಸ್ಕ್ಯಾನ್ ಇರುವ ಕಡೆಗೇ ಹೋಗಬೇಕು. ರಕ್ತಸ್ರಾವ ಇಲ್ಲವೆಂದು ಸ್ಕ್ಯಾನ್ ತೋರಿಸಿದ ಮೇಲಷ್ಟೇ ಹೆಪ್ಪು ಕರಗಿಸುವ ಔಷಧ, ಅದೂ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ. 108ಕ್ಕೆ ಕರೆ ಮಾಡುವಾಗ ಯಾವ ಲಕ್ಷಣ, ಎಷ್ಟು ಗಂಟೆಗೆ ಶುರುವಾಯಿತು ಎಂಬೆರಡನ್ನು ಮೊದಲು ಹೇಳಿ. ಮನಸ್ಸಿನ ತೊಂದರೆಗೆ ಬಸ್ಸು ಹತ್ತುವ ಮೊದಲು ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಚರ್ಮ, ಮನೋರೋಗ, ಹಳೇ ಕಾಯಿಲೆಯ ಮುಂದುವರಿದ ಭೇಟಿಗೆ ಇ-ಸಂಜೀವಿನಿಯ ವಿಡಿಯೋ ಸಮಾಲೋಚನೆ ಹೊಂದುತ್ತದೆ. ಮುಟ್ಟಿ ನೋಡಬೇಕಾದ ಗಡ್ಡೆಗೆ ಹೊಂದುವುದಿಲ್ಲ. ಈ ವಿಡಿಯೋ ಸಮಾಲೋಚನೆ ಕೆಡುವುದು ತಂತ್ರಜ್ಞಾನದಿಂದಲೇ ಅಲ್ಲ. ಆ ಕಡೆ ಕೂರಬೇಕಾದ ತಜ್ಞರು ಅದೇ ಹೊತ್ತಿಗೆ ಹೊರರೋಗಿ ವಿಭಾಗದಲ್ಲೂ ಇರಬೇಕಾಗುತ್ತದೆ.

ಎಣಿಸುವುದು ಹೇಗೆ

ಎಲ್ಲವನ್ನೂ ಎಣಿಸಲು ಹೊರಟರೆ ಏನೂ ಆಗುವುದಿಲ್ಲ. ಐದು ಸಾಕು: ಹರ್ನಿಯಾ ಆಪರೇಷನ್, ಸೊಂಟದ ಮೂಳೆ ಮುರಿತ, ಗಡ್ಡೆ ಕಂಡವರಿಗೆ ಬಯಾಪ್ಸಿ ರಿಪೋರ್ಟ್, ಹೆರಿಗೆಗೆ ಬಂದು ಬೇರೆಡೆ ಕಳಿಸಲಾದವರು, ಎದೆನೋವಿನವರ ಇಸಿಜಿ. ಮೊದಲ ಮೂರಕ್ಕೆ ದಿನಗಳಲ್ಲಿ, ಕೊನೆಯ ಎರಡಕ್ಕೆ ನಿಮಿಷಗಳಲ್ಲಿ. ಸರಾಸರಿ ಹೇಳಿ ಕೈತೊಳೆದುಕೊಳ್ಳುವುದು ಬೇಡ. ಹತ್ತು ಜನರಲ್ಲಿ ಒಂಬತ್ತು ಮಂದಿ 5 ದಿನ, ಒಬ್ಬರು 200 ದಿನ ಕಾದರೆ ಸರಾಸರಿ 24.5 ದಿನ, ಆ ಅಂಕಿ ಒಂಬತ್ತು ಮಂದಿಯ ವಿಷಯದಲ್ಲೂ ಸುಳ್ಳು, ಹತ್ತನೆಯವರ ವಿಷಯದಲ್ಲೂ ಸುಳ್ಳು. ಅರ್ಧದಷ್ಟು ಜನ ಎಷ್ಟು ದಿನದೊಳಗೆ ಮುಗಿಸಿದರು, ಅತಿ ಹೆಚ್ಚು ಕಾದ ಹತ್ತರಲ್ಲೊಬ್ಬರು ಎಷ್ಟು ಕಾದರು ಎಂಬ ಎರಡು ಅಂಕಿಗಳನ್ನು ತಾಲ್ಲೂಕುವಾರು ಹಾಕಬೇಕು.

ರಾಜ್ಯಕ್ಕೆ ಇದು ಆಗದ ಕೆಲಸವಲ್ಲ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಖಾಸಗಿ ಆಸ್ಪತ್ರೆಗಳೂ ಲೆಕ್ಕ ಕೊಡಬೇಕಾಯಿತು. ಅದೇ ಕ್ರಮವನ್ನು ಕಾಯುವ ದಿನಗಳಿಗೂ ತರಬಹುದು. ಡೆನ್ಮಾರ್ಕಿನ ಹಾಗೆ ತಡವಾದರೆ ಖಾಸಗಿಗೆ ಕಳಿಸುವ ಏರ್ಪಾಡಿನ ಅರ್ಧ ಭಾಗ ನಮ್ಮ ರೆಫರಲ್ ಪದ್ಧತಿಯಲ್ಲಿ ಈಗಾಗಲೇ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಪತ್ರ ಸಿಗುತ್ತದೆ. ಇದ್ದೂ ಮೂರು ತಿಂಗಳು ದಿನ ಸಿಗದಿದ್ದರೆ ತಾನಾಗಿ ಪತ್ರ ಸಿಗುವಂತಾಗಬೇಕು. ಅದಕ್ಕೆ ಬೇಕಾದದ್ದು ಒಂದು ಆರಂಭದ ದಿನಾಂಕ.

ಆ ದಿನಾಂಕವನ್ನು ಇಂಗ್ಲೆಂಡಿನ ಹಾಗೆ ದೊಡ್ಡಾಸ್ಪತ್ರೆಯ ಬಾಗಿಲಲ್ಲಿ ಬರೆದರೆ ನಮ್ಮ ಕಾಯುವಿಕೆಯ ಹೆಚ್ಚಿನ ಭಾಗ ತಪ್ಪಿಹೋಗುತ್ತದೆ. ರೋಗಿ ಮೊದಲ ಸಲ ತೊಂದರೆ ಹೇಳಿಕೊಳ್ಳುವುದು ಆಶಾ ಕಾರ್ಯಕರ್ತೆಯ ಹತ್ತಿರ ಅಥವಾ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯ ಹತ್ತಿರ. ಗಡಿಯಾರ ಅಲ್ಲಿಂದ ಶುರುವಾಗಬೇಕು. ರೆಫರಲ್ ಚೀಟಿಯ ಮೇಲೆ ಈಗಿರುವ ದಿನಾಂಕದ ಪಕ್ಕದಲ್ಲಿ "ಮೊದಲು ಹೇಳಿಕೊಂಡ ದಿನ" ಎಂಬ ಇನ್ನೊಂದು ಖಾನೆ ಬೇಕು, ಮತ್ತು ಚಿಕಿತ್ಸೆ ಮುಗಿದ ದಿನ ಅದೇ ಚೀಟಿಯ ಪ್ರತಿ ಉಪಕೇಂದ್ರಕ್ಕೆ ವಾಪಸು ಬರಬೇಕು. ವಾಪಸು ಬಾರದ ಚೀಟಿಗಳೇ ಮುಖ್ಯ. ಅಂಥ ಪ್ರತಿ ಚೀಟಿಯ ಹಿಂದೆ ಇನ್ನೂ ಕಾಯುತ್ತಿರುವ, ಸಾಲ ಮಾಡಿ ಖಾಸಗಿಗೆ ಹೋದ, ಇಲ್ಲವೇ ಚಿಕಿತ್ಸೆಯನ್ನೇ ಕೈಬಿಟ್ಟ ಒಬ್ಬರಿದ್ದಾರೆ. ತಿಂಗಳ ಸಭೆಯಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿ ಮೊದಲು ಕೇಳಬೇಕಾದದ್ದು ಅವರ ಹೆಸರುಗಳನ್ನು.